ಒಂದೆಲಗ ಹಚ್ಚಿದ ಎಡಗೆನ್ನೆ

ಅಕ್ಕನ ಜೊತೆ ಮದುವೆಗೆ ಹೋಗುವುದೆಂದರೆ ನನಗೆ ಒಳಗೊಳಗೇ ಭಯ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಆದರೂ ಜನ ಅವಳನ್ನು ತೋರಿಸಿ ನನ್ನನ್ನು ಕೇಳುವುದು, "ಇವ್ರು ನಿಮ್ ತಂಗಿನಾ?" ಎಂದು. ಅಂತರಸನಹಳ್ಳಿಯ ಕಾರ್ಖಾನೆ ಆಫೀಸಿಗೆ ಬಿಸಿಲಲ್ಲಿ ಸ್ಕೂಟರ್ ಓಡಿಸಿ ನನ್ನ ಮುಖ ಸುಟ್ಟ ಹಪ್ಪಳವಾಗಿದೆ. ಚೇಳೂರಿನ ತೆಂಗಿನ ತೋಟದ ನೆರಳಲ್ಲಿ ಓಡಾಡುವ ಅಕ್ಕನದು ಈಗಷ್ಟೇ ಉಬ್ಬಿದ ಪೂರಿ. ಒಮ್ಮೆ, ಒಂದೇ ಒಂದು ಸಲ, ಯಾರಾದರೂ ನನ್ನನ್ನು ತಂಗಿ ಎಂದು ಗುರುತಿಸಲಿ ಎಂಬುದು ನನ್ನ ಬಹುಕಾಲದ ಆಸೆ.

ಆಗ ದೇವರ ಹಾಗೆ ಬಂದವಳು ಅಕ್ಕನ ಮಗಳು ಶ್ರುತಿ. ತುಮಕೂರಿನಲ್ಲಿ ಎಂ.ಫಾರ್ಮಾ ಓದುವ ಅವಳು, ಒಂದೆಲಗದ ಸಾರ ಚರ್ಮದ ಸುಕ್ಕನ್ನು ತಗ್ಗಿಸುತ್ತದೆಯೇ ಎಂದು ಪರೀಕ್ಷಿಸಲು ಐವತ್ತು ದಾಟಿದ ಕೆನ್ನೆಗಳನ್ನು ಹುಡುಕುತ್ತಿದ್ದಳು. ನಮ್ಮಿಬ್ಬರಿಗೂ ಎರಡೆರಡು ಡಬ್ಬಿ ಕೊಟ್ಟಳು. ಬಿಳಿ ಮುಚ್ಚಳದ್ದು ಎಡಗೆನ್ನೆಗೆ, ಹಸಿರು ಮುಚ್ಚಳದ್ದು ಬಲಗೆನ್ನೆಗೆ. ಒಂದರಲ್ಲಿ ಒಂದೆಲಗ, ಇನ್ನೊಂದರಲ್ಲಿ ಬರೀ ಕ್ರೀಮು. ಯಾವುದರಲ್ಲಿ ಏನೆಂದು ಮಾತ್ರ ಹೇಳಲಿಲ್ಲ.

ಅಮೃತಕ್ಕಾಗಿ ದೇವತೆಗಳು ಸಮುದ್ರವನ್ನೇ ಕಡೆದರಂತೆ. ನನಗೆ ಎರಡು ಡಬ್ಬಿಯೇ ಸಾಕಾಯಿತು. ಇದೇ ಒಂದೆಲಗದ ಚಟ್ನಿಯನ್ನು ಚಿಕ್ಕಂದಿನಲ್ಲಿ ಬುದ್ಧಿ ಬರಲೆಂದು ತಿನ್ನಿಸಿದ್ದರು. ಅದು ಬಂದ ಲಕ್ಷಣ ಕಾಣದ ಕಾರಣ, ರೂಪವನ್ನಾದರೂ ಕೊಡಲಿ ಎಂದುಕೊಂಡೆ. ದಿನವೂ ಕನ್ನಡಿ ಮುಂದೆ ನಿಂತು ಒಂದು ಕೆನ್ನೆಯನ್ನು ಇನ್ನೊಂದರ ಜೊತೆ ಹೋಲಿಸುವುದೇ ಕೆಲಸವಾಯಿತು.

ಕೊನೆಗೆ ಶ್ರುತಿಯ ಕ್ಯಾಮೆರಾ ಮುಂದೆ ಕೂತೆವು. ನನ್ನ ಎಡಗೆನ್ನೆಯ ಗೆರೆಗಳು ಒಂದಿಷ್ಟು ತಗ್ಗಿದ್ದವು! ಬಿಳಿ ಮುಚ್ಚಳದ್ದೇ ಒಂದೆಲಗವೆಂದು ಆಗ ಗುಟ್ಟು ಬಿಟ್ಟಳು. ಚೇಳೂರಿನಿಂದ ಬಸ್ಸು ಹಿಡಿದು ಬಂದಿದ್ದ ಅಕ್ಕನ ಕೆನ್ನೆಗಳು ಮಾತ್ರ ಎರಡೂ ಒಂದೇ ಸಮ, ಸಾಲದ್ದಕ್ಕೆ ಹಳದಿ.

"ಏನಮ್ಮಾ ಮಾಡ್ಕೊಂಡೆ?" ಎಂದಳು ಶ್ರುತಿ.

"ಎರಡೂ ಡಬ್ಬೀದು ಅಂಗೈಲಿ ಕಲಸಿ, ಚಿಟಿಕೆ ಅರಿಶಿನ ಹಾಕಿ ಹಚ್ಕೊಂಡೆ ಕಣೇ. ಮನೆಗ್ ಬಂದ ಮುತ್ತೈದೆಗೆ ಒಂದೇ ಕೆನ್ನೆಗೆ ಅರಿಶಿನ ಹಚ್ಚಿ ಕಳಿಸ್ತೀವಾ? ಮತ್ತೆ ನನ್ ಕೆನ್ನೆ ಏನ್ ಪಾಪ ಮಾಡಿತ್ತು?"

ಶ್ರುತಿ ಹಣೆ ಚಚ್ಚಿಕೊಂಡು ತಾಯಿಯನ್ನು ಪರೀಕ್ಷೆಯಿಂದ ಕೈಬಿಟ್ಟಳು. "ಒಬ್ರ ಕೆನ್ನೆಯಿಂದ ಏನೂ ಪ್ರೂವ್ ಆಗಲ್ಲ, ಜಾಸ್ತಿ ಹಿಗ್ಗಬೇಡಿ ಚಿಕ್ಕಮ್ಮ," ಎಂದು ನನಗೂ ಎಚ್ಚರಿಕೆ ಕೊಟ್ಟಳು. ಹಿಗ್ಗದೆ ಇರಲು ನಾನೇನು ವಿಜ್ಞಾನಿಯೇ?

ಮುಂದಿನ ವಾರವೇ ಕುಣಿಗಲ್ಲಿನಲ್ಲಿ ಮದುವೆ. ಊಟದ ಪಂಕ್ತಿಯಲ್ಲಿ ಅಕ್ಕನನ್ನು ಬಲಗಡೆ ಕೂರಿಸಿ, ಎಡಗೆನ್ನೆ ಎದುರು ಸಾಲಿಗೆ ಕಾಣಲೆಂದು ಕತ್ತು ಓರೆ ಮಾಡಿ ಕೂತೆ. ಆ ಭಂಗಿಯಲ್ಲಿ ಪಾಯಸ ಬಂದು ಮುಂದೆ ಹೋದದ್ದೂ ತಿಳಿಯಲಿಲ್ಲ. ಅಷ್ಟರಲ್ಲಿ ಎಡಗಡೆ ಕೂತಿದ್ದ ಅಜ್ಜಿ, ನನ್ನ ಒಂದೆಲಗದ ಕೆನ್ನೆಯನ್ನೇ ದಿಟ್ಟಿಸಿ, ಅಕ್ಕನತ್ತ ಕೈ ತೋರಿಸಿ ಕೇಳಿಯೇಬಿಟ್ಟರು. "ಇವ್ರು ನಿಮ್ ತಂಗಿನಾ?"

ನನಗೆ ಊಟವೇ ಬೇಡವೆನಿಸಿತು. ಅಕ್ಕ ಸುಮ್ಮನಿರಬೇಕಲ್ಲ.

"ಅಯ್ಯೋ ಬುಡಿ ಅಜ್ಜಿ! ಇವ್ಳೇ ನನ್ ತಂಗಿ. ನಾನ್ ಕಂಕುಳಲ್ಲಿ ಎತ್ಕೊಂಡ್ ತಿರುಗಿರೋ ಕೂಸು ಇದು," ಎಂದು ಅಷ್ಟೂ ಜನರೆದುರು ನನ್ನ ಕೆನ್ನೆ ಹಿಂಡಿದಳು. ಬಡಿಸುವವರನ್ನು ಕೂಗಿ ಕರೆದಳು. "ನನ್ ತಂಗಿಗೆ ಪಾಯಸ ಬಂದಿಲ್ಲ, ಹಾಕ್ರಪ್ಪಾ!"

ಹಿಂಡಿದ್ದು ಒಂದೆಲಗ ಕಾಣದ ಬಲಗೆನ್ನೆಯನ್ನು. ಆ ಕೆನ್ನೆಗೆ ಆಗ ಐದೇ ವರ್ಷ. ಶ್ರುತಿ ಕ್ಯಾಮೆರಾ ತಂದಿರಲಿಲ್ಲ.