ದೃಷ್ಟಿಗೆ ಕಟ್ಟಿದ ಡೈನೋಸಾರ್

ಪಕ್ಕದ ಊರಿನ ರಮ್ಯಶ್ರೀ ಈ ಸಲ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ರಸ್ತೆಯ ಅಂಚಿನಲ್ಲೇ ನಿಂತು, ಹಳೆಯ ಪೇಪರಿನಲ್ಲಿ ಸುತ್ತಿದ್ದ ಸುರುಳಿಯೊಂದನ್ನು ಮುಂದೆ ಚಾಚಿದರು. ನೀಲಾಂಬಿಕೆ ಆಗಷ್ಟೇ ಅಂಗಡಿಯ ಮುಂದಿನ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ಚಿತ್ರಗಳನ್ನು ತೂಗುಹಾಕುತ್ತಿದ್ದರು. ಬೆಳಿಗ್ಗೆ ಎಂಟೂವರೆ. ಮೈಸೂರು ಬಿಟ್ಟು ಕೊಡಗಿಗೆ ಹೊರಟ ಕಾರುಗಳು ಬಿಳಿಕೆರೆ ದಾಟುವ ಹೊತ್ತು.

"ಅಕ್ಕಾ, ತಪ್ಪು ತಿಳ್ಕಬ್ಯಾಡಿ. ದುಡ್ಡೇನೂ ವಾಪಸ್ ಬ್ಯಾಡ. ಇದ್ನ ಇಟ್ಕಳಿ, ಸಾಕು."

"ಯಾಕೆ, ಬಣ್ಣ ಬುಟ್ಕತಾ?"

"ಬಣ್ಣ ಚೆನ್ನಾಗೇ ಐತೆ. ನಮ್ಮತ್ತೆ ಒಳಗೆ ಬ್ಯಾಡ ಅಂತವ್ರೆ. ದೃಷ್ಟಿಗೆ ಕಟ್ಟೋದ್ನ ಮಗ ಮಲಗೋ ಕೋಣೇಲಿ ಹಾಕಿದ್ದೀಯಲ್ಲ, ನಿಂಗೆ ಬುದ್ಧಿ ನೆಟ್ಟಗೈತಾ ಅಂತ ಮೂರು ದಿನದಿಂದ ಒಂದೇ ರಗಳೆ."

"ಇದು ದೃಷ್ಟಿ ಬೊಂಬೆ ಅಲ್ಲ ಕಣೇ. ಸೊಪ್ಪು ತಿನ್ನೋ ಪ್ರಾಣಿ."

"ನಂಗೊತ್ತು. ನಮ್ಮತ್ತೆಗೆ ನೀವೇ ಬಂದು ಹೇಳಿ ನೋಡಣ."

ಸುರುಳಿಯೊಳಗೆ ಇದ್ದದ್ದು ಉದ್ದ ಕತ್ತಿನ ಒಂದು ಡೈನೋಸಾರ್, ಪಕ್ಕದಲ್ಲಿ ಅದರ ಮರಿ. ಎರಡೂ ನೀರಿಗೆ ಬಾಯಿ ಹಾಕಿ ನಿಂತಿದ್ದವು. ಹಲ್ಲು ಕಾಣುವುದಿಲ್ಲ, ಉಗುರು ಕಾಣುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ಹಾಗೆ ಹಿಂದಕ್ಕೆ ಬಂದ ನಾಲ್ಕನೆಯ ಚಿತ್ರ ಅದು.

ನೀಲಾಂಬಿಕೆಗೆ ಮೂವತ್ತೇಳು. ಹುಣಸೂರಿನ ಖಾಸಗಿ ಶಾಲೆಯೊಂದರಲ್ಲಿ ಒಂಬತ್ತು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದರು. ಶಾಲೆ ಡ್ರಾಯಿಂಗ್ ಪೀರಿಯಡ್ ತೆಗೆದು ಕಂಪ್ಯೂಟರ್ ಪೀರಿಯಡ್ ಹಾಕಿದ ವರ್ಷ ಮನೆಗೆ ಬಂದರು. ಗಂಡ ಕಾಂತರಾಜ್ ಅವರದು ಹೆದ್ದಾರಿ ಪಕ್ಕದ ದಿನಸಿ ಅಂಗಡಿ. ಅದಕ್ಕೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಮೊದಲು ಕೂಲ್‌ಡ್ರಿಂಕ್ಸ್ ಕ್ರೇಟುಗಳಿದ್ದವು. ಕ್ರೇಟುಗಳನ್ನು ಹಿತ್ತಲಿಗೆ ಹಾಕಿ, ಕಿಟಕಿಗೆ ಎದುರಾಗಿ ಮೇಜು ಇಟ್ಟುಕೊಂಡರು.

ಅವರು ಬರೆಯುವುದು ಡೈನೋಸಾರ್ ಮಾತ್ರ. ಅದರಲ್ಲೂ ಹೆಚ್ಚಾಗಿ ನಮ್ಮ ದೇಶದ ನೆಲದಲ್ಲಿ ಎಲುಬು ಸಿಕ್ಕಿರುವಂಥವು. ಮೊದಲು ಎಲುಬುಗೂಡನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಅದರ ಮೇಲೆ ಮಾಂಸ, ಮಾಂಸದ ಮೇಲೆ ಚರ್ಮ. ಚರ್ಮವೆಂದರೆ ಸೂಜಿಮೊನೆಯಂಥ ಪೆನ್ನಿನಿಂದ ಇಟ್ಟ ಚುಕ್ಕಿಗಳು, ಒಂದೊಂದು ಚಿತ್ರಕ್ಕೆ ಸಾವಿರಾರು. ಮೊಣಕಾಲಿನ ಸುಕ್ಕು ಹೇಗೆ ಮಡಚುತ್ತದೆಂದು ತಿಳಿಯಲು ಹಿಂದಿನ ಮನೆಯ ಎಮ್ಮೆ ಏಳುವುದನ್ನೂ ಮಲಗುವುದನ್ನೂ ಗಂಟೆಗಟ್ಟಲೆ ನೋಡುತ್ತಾರೆ. ಎಮ್ಮೆಯ ಯಜಮಾನಿಗೆ ಇದರಿಂದ ಸ್ವಲ್ಪ ಇರುಸುಮುರುಸು. ಒಂದು ಪ್ರಾಣಿ ಮುಗಿಯಲು ತಿಂಗಳು ಬೇಕು. ಮುಗಿದದ್ದನ್ನು ಮೈಸೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿ, ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಅಂಗಡಿ ಮುಂದೆ ತೂಗುಹಾಕುತ್ತಾರೆ.

ಕಾರಿನವರು ಶನಿವಾರ, ಭಾನುವಾರ ಒಂದೆರಡು ಕೊಳ್ಳುತ್ತಿದ್ದರು. ಆದರೆ ಕೋಣೆ ನಡೆಯುತ್ತಿದ್ದುದು ಸುತ್ತಲಿನ ಊರಿನವರಿಂದ. ಮಕ್ಕಳ ಹುಟ್ಟುಹಬ್ಬ, ಹೊಸ ಮನೆಯಲ್ಲಿ ಮಕ್ಕಳ ಕೋಣೆ, ಶಾಲೆಯ ಬಹುಮಾನ. ಎರಡು ವರ್ಷ ಹಾಗೇ ನಡೆಯಿತು. ಗಂಡ ಹೆಂಡತಿ ನಡುವೆ ಒಂದು ಮಾತಾಗಿತ್ತು: ಈ ಡಿಸೆಂಬರ್ ಮುಗಿಯುವುದರೊಳಗೆ ಕೋಣೆ ತನ್ನ ಕಾಲ ಮೇಲೆ ನಿಲ್ಲಬೇಕು, ಇಲ್ಲವಾದರೆ ಅದು ಟೀ ಕೌಂಟರ್ ಆಗುತ್ತದೆ. ಹೆದ್ದಾರಿಯಲ್ಲಿ ಟೀ ವ್ಯಾಪಾರ ಎಂದೂ ಸೋಲುವುದಿಲ್ಲ ಎಂಬುದು ಕಾಂತರಾಜ್ ಲೆಕ್ಕ. ನೀಲಾಂಬಿಕೆ ಒಪ್ಪಿದ್ದರು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಒಂದು ಶಾಲೆ ತನ್ನ ಹೊಸ ಗ್ರಂಥಾಲಯಕ್ಕೆ ಹನ್ನೆರಡು ದೊಡ್ಡ ಚಿತ್ರ ಬೇಕೆಂದಿತ್ತು. ಅದೊಂದು ಕೈಗೂಡಿದರೆ ಬೇರೆ ಶಾಲೆಗಳೂ ಬರುತ್ತವೆ ಎಂಬುದು ಅವರ ಲೆಕ್ಕ.

ಚಿತ್ರಗಳು ಹೀಗೆ ಹಿಂದಕ್ಕೆ ಬರಲು ಕಾರಣವಾದ ತಪ್ಪು ನಡೆದದ್ದು ಜೂನ್‌ನಲ್ಲಿ. ಪ್ರತಿ ಶನಿವಾರ ಅವರು ಒಂದು ರೇಖಾಚಿತ್ರವನ್ನು ಶಿಕ್ಷಕರ ವಾಟ್ಸಾಪ್ ಗುಂಪುಗಳಿಗೆ ಪುಕ್ಕಟೆ ಕಳಿಸುತ್ತಿದ್ದರು, ಮಕ್ಕಳು ಬಣ್ಣ ತುಂಬಲೆಂದು. ಶಾಲೆ ತೆರೆದ ಮೊದಲ ವಾರ ಮಕ್ಕಳಿಗೆ ಏನಾದರೂ ವಿಶೇಷ ಕೊಡಬೇಕೆನಿಸಿ, ಚುಕ್ಕಿ ಇಟ್ಟು ಬಣ್ಣ ತುಂಬಿ ಮುಗಿಸಿದ ರಾಜಸಾರಸ್‌ನ ತಲೆಯನ್ನೂ ಜೊತೆಗೆ ಕಳಿಸಿದರು, ಮಾದರಿಗೆ. ಗುಜರಾತಿನಲ್ಲಿ ಎಲುಬು ಸಿಕ್ಕ ಮಾಂಸಾಹಾರಿ ಅದು. ಹಣೆಯ ಮೇಲೆ ಒಂದೇ ಮೊಂಡು ಕೊಂಬು. ಬಾಯಿ ತೆರೆದು ನೇರ ನೋಡುವವರ ಕಡೆಗೇ ತಿರುಗಿದೆ. ಸ್ಕ್ಯಾನ್ ದೊಡ್ಡ ಅಳತೆಯದು, ಎಷ್ಟು ಹಿಗ್ಗಿಸಿದರೂ ಒಡೆಯದು. ಮತ್ತೆ, ಚಿತ್ರಗಾರರು ಸಹಿ ಹಾಕುವ ಬಲಗಡೆಯ ಕೆಳಮೂಲೆಯಲ್ಲಿ ನೀಲಾಂಬಿಕೆ ತಮ್ಮ ಹೆಸರು ಹಾಕಿರಲಿಲ್ಲ. ಒಂಬತ್ತು ವರ್ಷದ ಟೀಚರ್ ಅಭ್ಯಾಸ. ಅಲ್ಲಿ ಒಂದು ಚೌಕ ಎಳೆದು 'ಹೆಸರು' ಎಂದು ಬರೆದು, ಮುಂದೆ ಖಾಲಿ ಗೆರೆ ಬಿಟ್ಟಿದ್ದರು. ಮಗು ತನ್ನ ಹೆಸರು ಬರೆಯಲಿ ಎಂದು.

ಆಗಸ್ಟ್‌ನಲ್ಲಿ ಪಿರಿಯಾಪಟ್ಟಣದ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಅದು ಕಂಡಿತು. ಹಸಿ ಹೊಗೆಸೊಪ್ಪನ್ನು ಬಿಸಿ ಕೊಟ್ಟು ಹದ ಮಾಡುವ ಬ್ಯಾರನ್ ಒಂದರ ಗೋಡೆಯ ಮೇಲೆ, ಆಳೆತ್ತರದ ಫ್ಲೆಕ್ಸ್‌ನಲ್ಲಿ ಅದೇ ರಾಜಸಾರಸ್. ಯಾರೋ ಅದಕ್ಕೆ ಕೆಂಪು ನಾಲಿಗೆ ಹಚ್ಚಿದ್ದರು. ಕೊರಳ ಬುಡದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿಯ ಚಿತ್ರ. ಕೆಳಗಿನ ಚೌಕದಲ್ಲಿ 'ಹೆಸರು: ಜವರಯ್ಯ'.

ನೀಲಾಂಬಿಕೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದರು. ಜವರಯ್ಯ ಬ್ಯಾರನ್ ಮುಂದೆ ಸೌದೆ ಒಟ್ಟುತ್ತಿದ್ದರು. ಅರವತ್ತರ ಆಸುಪಾಸು. ಚಿತ್ರ ತಮ್ಮದೆಂದು ನೀಲಾಂಬಿಕೆ ಹೇಳಿದಾಗ ಅವರು ಕೈಲಿದ್ದ ಸೌದೆ ಕೆಳಗಿಟ್ಟು ಎರಡೂ ಕೈ ಜೋಡಿಸಿದರು.

"ನೀನಾ ಬರ್ದಿದ್ದು ತಾಯಿ? ಹೋದ ವರ್ಸ ಇಲ್ಲೇ ಬೆಂಕಿ ಬಿದ್ದು ಅರ್ಧ ಸೊಪ್ಪು ಬೂದಿ ಆಯ್ತು. ಈ ವರ್ಸ ನಿನ್ ಪ್ರಾಣಿ ಕಟ್ದೆ ನೋಡು, ಮೂರು ಸಲ ಬೇಯ್ಸಿದ್ದೀನಿ, ಒಂದು ಎಲೆ ಕರಕಲಾಗಿಲ್ಲ. ಆ ಪಕ್ಕದವ್ನೂ ಇದೇ ಬೇಕು ಅಂತ ಒಯ್ದ."

ನೀಲಾಂಬಿಕೆ ಸೌದೆ ರಾಶಿಯ ಅಂಚಿನಲ್ಲಿ ಕೂತರು. ಕೊಟ್ಟ ಮಜ್ಜಿಗೆ ಕುಡಿದು, ಯಾವ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದೆಂದು ಕೇಳಿಕೊಂಡು ಬಂದರು.

ಈ ಭಾಗದಲ್ಲಿ ಕಟ್ಟುತ್ತಿರುವ ಮನೆಗೆ, ತುಂಬಿದ ಫಸಲಿಗೆ, ಹೊಸ ಟ್ರ್ಯಾಕ್ಟರಿಗೆ ಹೀಗೊಂದು ಕೋರೆಹಲ್ಲಿನ ಮುಖ ಕಟ್ಟುವುದು ವಾಡಿಕೆ. ನೋಡುವವರ ಕಣ್ಣು ಮೊದಲು ಅದರ ಮೇಲೆ ಬಿದ್ದು ಅಲ್ಲೇ ನಿಲ್ಲಲಿ ಎಂದು. ಹಾಗೆ ಕಟ್ಟಿದ್ದು ಎಷ್ಟೋ ಕೆಟ್ಟ ಕಣ್ಣನ್ನು ಕುಡಿದ ವಸ್ತು. ಕೆಲಸ ಮುಗಿದ ಮೇಲೆ ಬಿಚ್ಚಿ ಊರಾಚೆ ಎಸೆಯುತ್ತಾರೆಯೇ ಹೊರತು ಹೊಸ್ತಿಲು ದಾಟಿಸುವುದಿಲ್ಲ. ರಾಜಸಾರಸ್ ಆ ಗುಂಪಿಗೆ ಸೇರಿತು. ಅದರ ಜೊತೆ, ಜನರ ಕಣ್ಣಿನಲ್ಲಿ, ಡೈನೋಸಾರ್ ಎಂಬ ಪ್ರಾಣಿಯೇ ಸೇರಿತು. ಸೊಪ್ಪು ತಿನ್ನುವುದು, ಮಾಂಸ ತಿನ್ನುವುದು ಎಂದು ಯಾರೂ ಬೇರೆ ಮಾಡಿ ನೋಡಲಿಲ್ಲ.

ಆ ಪ್ರಿಂಟ್ ಹಾಕಿದ ಹುಣಸೂರಿನ ಫ್ಲೆಕ್ಸ್ ಅಂಗಡಿಯ ಮಾದೇವ ನಲವತ್ತು ದಾಟಿದ, ಬೇಗ ನಗುವ ಮನುಷ್ಯ.

"ಕೂತ್ಕಳಿ ಮೇಡಂ, ಟೀ ತರಿಸ್ತೀನಿ."

"ಟೀ ಬೇಡ." ನೀಲಾಂಬಿಕೆ ಫೋನಿನಲ್ಲಿ ರಾಜಸಾರಸ್ ತೋರಿಸಿದರು. "ಇದು ನಾನು ಬರ್ದಿದ್ದು."

"ನೀವಾ? ಭೇಷ್! ನಮ್ಮ ಹುಡುಗ್ರು ಇದು ಯಾವ್ದೋ ಇಂಗ್ಲಿಷ್ ಪಿಚ್ಚರ್‌ದು ಅಂತಿದ್ರು."

"ನನ್ನ ಕೇಳ್ದೆ ಹೆಂಗೆ ಹಾಕಿದ್ರಿ?"

"ಯಾರ್ನ ಅಂತ ಕೇಳ್ಲಿ ಮೇಡಂ? ನಮ್ಮ ಅಕ್ಕನ ಮಗಳ ಸ್ಕೂಲ್ ಗ್ರೂಪಲ್ಲಿ ಬಂತು. ಹೆಸ್ರು ಅಂತ ಬರ್ದು ಖಾಲಿ ಬುಟ್ಟಿದ್ರಿ. ಗಿರಾಕಿ ಹೆಸ್ರು ಹಾಕಕ್ಕೆ ಅಂತ್ಲೇ ಮಾಡಿರೋ ಹಂಗಿತ್ತು."

ಮಾದೇವ ನೀಲಾಂಬಿಕೆಯ ಮುಖ ನೋಡಿ, ಕಂಪ್ಯೂಟರ್ ಪರದೆಯನ್ನು ಅವರತ್ತ ತಿರುಗಿಸಿ, ಅವರೆದುರೇ ಆ ಫೈಲ್ ಅಳಿಸಿದರು. "ನಮ್ಮಲ್ಲಿ ಇನ್ಮೇಲೆ ಆಗಲ್ಲ. ಆದ್ರೆ ಕೆ.ಆರ್. ನಗರದಲ್ಲೂ ಹಾಕ್ತಾವ್ರೆ, ಎಚ್.ಡಿ. ಕೋಟೇಲೂ ಹಾಕ್ತಾವ್ರೆ. ಯಾರ್ಯಾರ್ನ ಅಂತ ಹಿಡೀತೀರಾ?" ಮತ್ತೆ ಹೇಳಿದರು: "ಡಿಸೈನ್‌ಗೆ ನಮ್ಮಲ್ಲಿ ಒಂದು ಸೀಟು ಖಾಲಿ ಐತೆ. ನಿಮ್ಮಂಥೋರು ಬಂದ್ರೆ ಒಳ್ಳೇದು." ನೀಲಾಂಬಿಕೆ ಎದ್ದು ಹೊರಟರು.

ಆ ರಾತ್ರಿಯೇ ಎಲ್ಲ ಗುಂಪುಗಳಿಗೂ ಅದೇ ಚಿತ್ರ ಹಾಕಿ ಕೆಳಗೆ ಒಂದು ಸಂದೇಶ ಬರೆದರು. ಈ ಪ್ರಾಣಿಯ ಹೆಸರು ರಾಜಸಾರಸ್, ಇದು ಕೋಟ್ಯಂತರ ವರ್ಷದ ಹಿಂದೆ ನಮ್ಮ ನೆಲದ ಮೇಲೆ ಓಡಾಡಿದ್ದು, ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ, ಬರೆದವಳು ನಾನು. ಕೆಳಗೆ ಹೆಸರು, ಊರು, ಫೋನ್ ನಂಬರು. ಅದನ್ನು ಶಿಕ್ಷಕರು ಬೇರೆಯವರಿಗೆ ದಾಟಿಸಿದರು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ, ಹೋದಲ್ಲೆಲ್ಲ ಮೇಲಿನ ಸಾಲುಗಳು ಉದುರಿ ಚಿತ್ರ, ಹೆಸರು, ನಂಬರು ಮಾತ್ರ ಉಳಿದವು.

ವಾರದೊಳಗೆ ಫೋನು ಶುರುವಾಯಿತು. ಕೆ.ಆರ್. ನಗರ ಕಡೆಯ ಬಾಳೆ ಬೆಳೆಗಾರ ಶಿವನಂಜಪ್ಪ ಮೊದಲನೆಯವರು.

"ದೃಷ್ಟಿ ಬೊಂಬೆ ಬರೆಯೋ ಅಮ್ಮೋರಾ?"

"ಅಲ್ಲ ಸ್ವಾಮಿ. ನಾನು ಡೈನೋಸಾರ್ ಬರೆಯೋದು."

"ಅದೇ, ಅದೇ. ಪ್ರಿಂಟ್ ಬ್ಯಾಡ, ಕೈಯಲ್ಲಿ ಬರ್ದಿದ್ದೇ ಬೇಕು. ಕೈಯಲ್ಲಿ ಬರ್ದಿದ್ದಕ್ಕೆ ಪವರ್ ಜಾಸ್ತಿ ಅಂತಾರೆ. ಅಮಾಸೆ ದಿನ ಬರ್ದುಕೊಡ್ತೀರಾ?"

ಅತ್ತೆ ಚಿಕ್ಕಬಸಮ್ಮ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಬರ್ದುಕೊಡು, ಹೋಗ್ಲಿ" ಎಂದರು. "ಒಳಗಿಟ್ಕಳಲ್ಲ ಅನ್ನೋರ್ಗೆ ಮಾರಕ್ಕೆ ಹೋಗ್ತೀಯ. ಬೇಕು ಬೇಕು ಅಂತ ಬಂದೋರ್ನ ಅಟ್ತೀಯ. ನಿಂದೊಳ್ಳೆ ಯಾಪಾರ ಕಣವ್ವ."

"ಅತ್ತೆ, ಒಂದು ಬರ್ದುಕೊಟ್ರೆ ಶಾಲೆಯವ್ರು ನನ್ನ ಬಾಗ್ಲಿಗೇ ಸೇರಿಸಲ್ಲ."

"ಈಗೇನು ಪಲ್ಲಕ್ಕಿ ಕಳ್ಸವ್ರಾ?"

ನೀಲಾಂಬಿಕೆ ಆ ಬಂದ ಯಾವ ಫೋನಿಗೂ ಒಪ್ಪಲಿಲ್ಲ. ಅಕ್ಟೋಬರ್ ಇಡೀ ಕೋಣೆಯ ಬಾಗಿಲು ಹಾಕಿಕೊಂಡು ಹ್ಯಾಂಡ್‌ಪೋಸ್ಟ್ ಶಾಲೆಯ ಚಿತ್ರಗಳನ್ನು ಮತ್ತೆ ಸಿದ್ಧಪಡಿಸಿದರು. ಮೊದಲ ಪಟ್ಟಿಯಲ್ಲಿದ್ದ ಐದು ಮಾಂಸಾಹಾರಿಗಳನ್ನು ತೆಗೆದರು. ಹಳೆಯ ಪುಸ್ತಕಗಳಿಂದ ಸೊಪ್ಪು ತಿನ್ನುವ ಐದನ್ನು ಹುಡುಕಿದರು. ತಿಂಗಳಿಗೊಂದು ಬರೆಯುವ ಕೈ ವಾರಕ್ಕೊಂದರಂತೆ ಬರೆಯಿತು. ಬೆರಳು ಊದಿಕೊಂಡಾಗ ಬಿಸಿನೀರಿನಲ್ಲಿ ಅದ್ದಿ ಮತ್ತೆ ಕೂತರು. ಎಲ್ಲ ಪ್ರಾಣಿಗಳ ಬಾಯಿಯನ್ನೂ ಮುಚ್ಚಿದರು. ಯಾವುದೂ ನೋಡುವವರನ್ನು ನೋಡದಂತೆ ತಲೆಯನ್ನು ಪಕ್ಕಕ್ಕೆ ತಿರುಗಿಸಿದರು. ಬಲಗಡೆಯ ಮೂಲೆಯಲ್ಲಿ ಈ ಸಲ ದೊಡ್ಡದಾಗಿ ತಮ್ಮ ಹೆಸರು ಬರೆದರು.

ನವೆಂಬರ್ ಮೊದಲ ವಾರ ಆ ಶಾಲೆಯ ಮುಖ್ಯ ಶಿಕ್ಷಕಿ ಪವಿತ್ರ ಅವರು ಮೂರು ಚಿತ್ರಗಳನ್ನು ಗೋಡೆಗೆ ಹಾಕಿ ನೋಡೋಣ ಎಂದರು. ಹಾಕಿದರು. ಮಕ್ಕಳು ಮುಟ್ಟಿ ಮುಟ್ಟಿ ಫ್ರೇಮಿನ ಗಾಜಿನ ಮೇಲೆ ಬೆರಳಚ್ಚು ಮೂಡಿತ್ತು. ಎಂಟನೆಯ ದಿನ ಪೋಷಕರ ಸಭೆ. ಸಭೆಯ ಮರುದಿನ ಕರೆ ಬಂತು. ಒಪ್ಪಿಗೆಯೇ ಬಂತೆಂದುಕೊಂಡು ನೀಲಾಂಬಿಕೆ ಉಳಿದ ಒಂಬತ್ತು ಚಿತ್ರಗಳನ್ನೂ ಎತ್ತಿಕೊಂಡೇ ಹೋದರು.

"ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಮೇಡಂ" ಎಂದರು ಪವಿತ್ರ. "ಆದ್ರೆ ನಿನ್ನೆ ಒಬ್ರು ಎದ್ದು ನಿಂತು, ಬಿಲ್ಡಿಂಗ್ ಕೆಲಸ ಇನ್ನೂ ಮುಗಿದಿಲ್ವಾ, ಒಳಗೂ ದೃಷ್ಟಿಗೆ ಕಟ್ಟಿದ್ದೀರಲ್ಲ ಅಂದ್ರು. ಇಡೀ ಹಾಲ್ ನಕ್ಕಿತು. ನಕ್ಕು ಸುಮ್ಮನಾಗಿದ್ರೆ ಸರಿ ಇತ್ತು. ಸಭೆ ಮುಗಿದ ಮೇಲೆ ನಾಲ್ಕು ಜನ ತಾಯಂದ್ರು ಬಂದು, ಮಕ್ಕಳನ್ನ ಆ ರೂಮಿಗೆ ಕಳಿಸಬೇಡಿ ಅಂದ್ರು."

"ಒಂದು ಸಲ ಅವರ ಹತ್ರ ನಾನು ಮಾತಾಡ್ಲಾ? ಮಕ್ಕಳ ಎದುರೇ ಒಂದು ಬರೆದು ತೋರಿಸ್ತೀನಿ. ಎಲುಬಿನಿಂದ ಶುರು ಮಾಡಿ ತೋರಿಸ್ತೀನಿ."

"ಅವರು ನಿಮ್ಮ ಹೆಸರು ಓದಿದ್ಮೇಲೇ ಹೇಳಿದ್ದು ಮೇಡಂ. ಆ ದೃಷ್ಟಿ ಬೊಂಬೆಯವ್ರೇ ಅಲ್ವಾ ಇವ್ರು ಅಂತ."

ಪವಿತ್ರ ಪೆನ್ನಿಗೆ ಮುಚ್ಚಳ ಹಾಕಿದರು. "ಹೊರಗಿನ ಕಾಂಪೌಂಡ್‌ಗೆ ಬೇಕಾದ್ರೆ ಹಾಕೋಣ. ಅದಕ್ಕೆ ಯಾರೂ ಏನೂ ಅನ್ನಲ್ಲ."

"ಹೊರಗೆ ಹಾಕಿದ್ರೆ ಅವರು ಹೇಳಿದ್ದೇ ನಿಜ ಆಗುತ್ತೆ ಮೇಡಂ."

ಮೂರು ಚಿತ್ರಗಳನ್ನು ಗೋಡೆಯಿಂದ ಇಳಿಸಲು ಅಟೆಂಡರ್ ಬಂದ. ನೀಲಾಂಬಿಕೆ ಅವನನ್ನು ತಡೆದು ತಾವೇ ಸ್ಟೂಲ್ ಹತ್ತಿ ಇಳಿಸಿದರು. ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಹನ್ನೆರಡೂ ಚಿತ್ರಗಳು ಎರಡು ಗಂಟುಗಳಾಗಿ ಕಾಲ ಬಳಿ ಇದ್ದವು. ಕಂಡಕ್ಟರ್ ಅವಕ್ಕೆ ಲಗೇಜ್ ಟಿಕೆಟ್ ಹರಿದ. ಒಳಗೇನೆಂದು ಕೇಳಿದ. "ಗಾಜು" ಎಂದರು.

ಡಿಸೆಂಬರ್‌ನಲ್ಲಿ ಕಾಂತರಾಜ್ ಕೋಣೆಯ ಮಾತು ಎತ್ತಲಿಲ್ಲ. ಕೊನೆಯ ವಾರ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು, "ಇನ್ನೆರಡು ತಿಂಗಳು ಇರ್ಲಿ ಬುಡು" ಎಂದರು.

"ಇದ್ದು?" ಎಂದರು ನೀಲಾಂಬಿಕೆ.

ಮರುದಿನ ಇಬ್ಬರೂ ಸೇರಿ ಮೇಜನ್ನು ಹೊರಗೆ ಎತ್ತಿಟ್ಟರು. ಮೂಲಚಿತ್ರಗಳನ್ನು ನೀಲಾಂಬಿಕೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರು. ಅವನ್ನು ಮನೆಯೊಳಗೆ ತರುವ ಮಾತಿಗೆ ಚಿಕ್ಕಬಸಮ್ಮ ಬೇಡವೆನ್ನಲಿಲ್ಲ, ಬಾಗಿಲಿಂದ ಪಕ್ಕಕ್ಕೆ ಸರಿಯಲೂ ಇಲ್ಲ. ಸೊಸೆ ಅವನ್ನು ಹಿತ್ತಲಿನಲ್ಲಿ ಸೌದೆ ಇಡುವ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದರು.

ಜನವರಿ ಎರಡನೆಯ ಸೋಮವಾರದಿಂದ ನೀಲಾಂಬಿಕೆ ಹುಣಸೂರಿನ ಮಾದೇವ ಅವರ ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಏಳು, ಭಾನುವಾರ ರಜೆ. ಅಲ್ಲಿ ಪೆನ್ನಿನ ಕೆಲಸವಿಲ್ಲ. ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಬರುವ ಫೋಟೊಗಳಲ್ಲಿ ಮುಖದ ಹಿಂದಿನ ಗೋಡೆ, ಮರ, ಜನ ತೆಗೆದು, ಮುಖವೊಂದನ್ನೇ ಉಳಿಸಿ ಕೊಡಬೇಕು.