ಅನ್ನದಲ್ಲಿ ಅಂಟಿಸಿದ ಕವರು

ನಮ್ಮ ಮನೆಯಲ್ಲಿ ಓದಿದವಳು ನನ್ನ ತಂಗಿ. ನಾನು ಏಳನೇ ಕ್ಲಾಸಿಗೇ ಬಿಟ್ಟವಳು. ಅಮ್ಮ ಹಾಸಿಗೆ ಹಿಡಿದಾಗ ಇಬ್ಬರಲ್ಲಿ ಒಬ್ಬಳು ಮನೆಯಲ್ಲಿರಬೇಕಾಯಿತು. ಯಾರು ಎಂದು ಅಪ್ಪ ಬಹಳ ಯೋಚಿಸಲಿಲ್ಲ. ಅವಳು ಶಿವಮೊಗ್ಗದಲ್ಲಿ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಮಸ್ಕತ್ತಿನ ಆಸ್ಪತ್ರೆ ಸೇರಿದಳು. ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದು ರವಿಕೆ ಹೊಲಿಯತೊಡಗಿದೆ. ಬಟ್ಟೆ ತಂದವರು ಮೊದಲು ‘ನಿನ್ನ ತಂಗಿ ಎಲ್ಲಾ ಒಂದೇ ಏಟಿಗೆ ಪಾಸಂತಲ್ಲ’ ಎನ್ನುತ್ತಿದ್ದರು, ಆಮೇಲೆ ಅಳತೆ ಕೊಡುತ್ತಿದ್ದರು.

ತೊಂಬತ್ತರ ದಶಕದ ನಡುವೆ ಅವಳಿಗೆ ಗಂಡ, ಮಗಳ ಜೊತೆ ಆಸ್ಟ್ರೇಲಿಯಾದಲ್ಲಿ ನೆಲೆಸುವ ಮನಸ್ಸಾಯಿತು. ಅವಳ ಡಿಪ್ಲೊಮಾ ತಮ್ಮಲ್ಲಿ ಯಾವುದಕ್ಕೆ ಸಮ ಎಂದು ತೂಗಿ ನೋಡಲು ಅಲ್ಲಿ ಒಂದು ಕಚೇರಿಯೇ ಇತ್ತು. ಅವಳ ಕೈಯಿಂದ ಬಂದ ಮಾರ್ಕ್ಸ್ ಕಾರ್ಡನ್ನು ಆ ಕಚೇರಿ ನಂಬುತ್ತಿರಲಿಲ್ಲ. ಓದಿದ ಶಾಲೆಯೇ ಮೂರು ವರ್ಷದ ವಿಷಯ, ಅಂಕ ಎಲ್ಲವನ್ನೂ ಬರೆದು ಕವರಿನಲ್ಲಿಟ್ಟು, ಅಂಟಿಸಿದ ಜಾಗದ ಮೇಲೆ ಮೊಹರು ಒತ್ತಿ, ತಾನೇ ಅಂಚೆಗೆ ಹಾಕಬೇಕಿತ್ತು. ಅವಳಿಗೆ ಮೂವತ್ತು ತುಂಬಲು ಐದು ತಿಂಗಳಿತ್ತು. ತುಂಬಿದರೆ ವೀಸಾ ಲೆಕ್ಕದಲ್ಲಿ ವಯಸ್ಸಿಗೆಂದು ಕೊಡುವ ಅಂಕ ಇಳಿಯುತ್ತಿತ್ತು; ಇಳಿದರೆ ಆಸ್ಟ್ರೇಲಿಯಾದ ಆಸೆ ಬಿಡಬೇಕು.

ಪಕ್ಕದ ಮನೆಯ ಫೋನಿಗೆ ಕರೆ ಮಾಡಿ ಅವಳು ಹೇಳಿದಳು: “ಅಕ್ಕಾ, ನಮ್ಮ ನರ್ಸಿಂಗ್ ಸ್ಕೂಲಿಗೆ ಹೋಗಿ ಕ್ಲರ್ಕಿಗೆ ನೆನಪು ಮಾಡು ಸಾಕು. ಕವರ್ ಮಾತ್ರ ಮುಟ್ಟಬೇಡ ಮಾರಾಯ್ತಿ.”

ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ.

ಶಿವಮೊಗ್ಗಕ್ಕೆ ನಾಲ್ಕು ಸಲ ಹೋದೆ. ಕ್ಲರ್ಕು ಐವತ್ತರ ಆಸುಪಾಸಿನ ಸಾಧು ಮನುಷ್ಯ. ಕವರು ಸಿದ್ಧವಾಗಿತ್ತು, ಪರದೇಶದ ಅಂಚೆ ಖರ್ಚಿಗೆ ಮಂಜೂರಾತಿ ಬಂದಿರಲಿಲ್ಲ. ನಾನೇ ಗೋಗರೆದೆ: “ಕೊಡಿ ಅಣ್ಣಾ, ನಾನೇ ಹಾಕ್ತೀನಿ. ನಮ್ಮ ಹುಡುಗಿಗೆ ದಿನ ಇಲ್ಲ.”

“ಕೈಗೆ ಕೊಡೋ ಹಂಗಿಲ್ಲಮ್ಮ,” ಎಂದು ತಲೆ ಕೆರೆದುಕೊಂಡ. ಕೊನೆಗೆ ಕೊಟ್ಟ. “ಸೀದಾ ಪೋಸ್ಟಾಫೀಸಿಗೆ ಹೋಗ್ಬೇಕು. ಎಲ್ಲೂ ನಿಲ್ಲಬಾರ್ದು.”

ಆಗ ಮಧ್ಯಾಹ್ನ ಎರಡು ಗಂಟೆ. ಅಂಚೆ ಕಚೇರಿ ತೆರೆದೇ ಇತ್ತು. ನಾನು ಭದ್ರಾವತಿಯ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಾರಣ ಹೊಂದಿಸಿಕೊಂಡೆ. ರೇಷನ್ ಕಾರ್ಡಿನಲ್ಲಿ ನನ್ನನ್ನು ನನ್ನ ಅತ್ತೆಗಿಂತ ದೊಡ್ಡವಳನ್ನಾಗಿ ಮಾಡಿದವರು ಸರ್ಕಾರದವರೇ ಅಲ್ಲವೇ? ಒಳಗೆ ತಂಗಿಯ ಹೆಸರು, ಹುಟ್ಟಿದ ದಿನ ಸರಿಯಿದೆಯೋ ಇಲ್ಲವೋ, ಮನೆಯವರು ಒಮ್ಮೆ ನೋಡಬೇಡವೇ? ಇಡ್ಲಿ ಪಾತ್ರೆಯ ಹಬೆಗೆ ಕವರು ಹಿಡಿದಾಗಲೂ ಇದನ್ನೇ ಹೇಳಿಕೊಳ್ಳುತ್ತಿದ್ದೆ. ಅದು ಸುಲಿದ ಬಾಳೆಹಣ್ಣಿನಂತೆ ಬಿಚ್ಚಿಕೊಂಡಿತು.

ಹೆಸರು ಸರಿಯಾಗಿತ್ತು. ಹುಟ್ಟಿದ ದಿನವೂ ಸರಿಯಾಗಿತ್ತು. ಅಷ್ಟಕ್ಕೇ ಮುಚ್ಚಬಹುದಿತ್ತು. ಅಂಕಿ ಓದಲು ಏಳನೇ ಕ್ಲಾಸು ಸಾಕು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಮೊದಲ ವರ್ಷದ ಅನಾಟಮಿಯ ಮುಂದೆ ಮೂವತ್ತೊಂದು ಎಂದಿತ್ತು. ಅದರ ಕೆಳಗೆ ಆರು ತಿಂಗಳ ನಂತರದ ತಾರೀಖು ಹಾಕಿ ಐವತ್ತೆರಡು ಎಂದು ಬರೆದಿತ್ತು. ನನ್ನ ತಂಗಿ ಫೇಲಾಗಿದ್ದಳು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ಅಯ್ಯೋ ಎನಿಸಬೇಕಿತ್ತು. ಖುಷಿಯಾಯಿತು. ಅವತ್ತು ರಾಗ ಹಾಡಿಕೊಂಡು ಇಡ್ಲಿ ಬೇಯಿಸಿದೆ.

ಮನೆಯಲ್ಲಿ ಗೋಂದು ಇರಲಿಲ್ಲ. ಅನ್ನದ ಅಗುಳು ಅರೆದು ಅಂಟಿಸಿದೆ. ಮೊಹರಿನ ಎರಡು ಅರ್ಧಗಳನ್ನು, ಹೂವಿನ ರವಿಕೆಯಲ್ಲಿ ಹೂವಿಗೆ ಹೂವು ಕೂಡಿಸುವ ಹಾಗೆ, ಕೂಡಿಸಿದೆ. ಕೈಕೆಲಸದ ಬಗ್ಗೆ ಹೆಮ್ಮೆಯೂ ಆಯಿತು. ಹಬೆಗೆ ಶಾಯಿ ಹರಡಿದ್ದನ್ನು ಗಮನಿಸಲಿಲ್ಲ. ಮಾರನೇ ದಿನ ಅಂಚೆಗೆ ಹಾಕಿದೆ.

ಎರಡು ತಿಂಗಳ ಮೇಲೆ ಆ ಕಚೇರಿ ಕವರನ್ನು ತಂಗಿಗೆ ವಾಪಸು ಕಳಿಸಿತು: ತೆರೆದು ಮತ್ತೆ ಮುಚ್ಚಿದಂತಿದೆ, ಒಪ್ಪಲಾಗದು, ಹೊಸದು ಬರಲಿ. ಫೋನಿನಲ್ಲಿ ಅವಳು ಅತ್ತಳು. “ಅವನೇ ಕಣೇ ಅಕ್ಕ, ಆ ಸೋಮಾರಿ ಕ್ಲರ್ಕು. ನೆಟ್ಟಗೆ ಅಂಟಿಸೋಕ್ ಬರಲ್ವಾ ಅವನಿಗೆ?”

“ಹೂಂ ಕಣೇ,” ಎಂದೆ. ಹೇಳಬೇಕಾಗಿದ್ದ ಹೊತ್ತು ಅದೇ.

ರಜೆಗೆ ಬಂದ ಗೆಳತಿಯ ಕೈಯಲ್ಲಿ ಅವಳು ಆ ಕವರನ್ನೂ, ಕ್ಲರ್ಕಿನ ಮೇಲೆ ಒಂದು ದೂರನ್ನೂ ಕಳಿಸಿದಳು. ಎರಡನ್ನೂ ಪ್ರಿನ್ಸಿಪಾಲ್ ಮೇಡಂಗೆ ತಲುಪಿಸುವ ಕೆಲಸ ನನ್ನ ಪಾಲಿಗೇ ಬಂತು. ಮೇಡಂ ಅವನನ್ನು ಕರೆಸಿದರು; ಕವರನ್ನು ನನ್ನ ಕೈಗೆ ಕೊಟ್ಟಿದ್ದಾಗಿ ಅವನು ಹೇಳಿದ. ನನ್ನನ್ನು ಕೇಳಿದರು: “ನಿಮ್ಮ ಕೈಗೆ ಬಂದಾಗ ಕವರ್ ಸರಿಯಾಗಿ ಅಂಟಿತ್ತೇನಮ್ಮ?”

“ನಂಗದೆಲ್ಲ ಗೊತ್ತಾಗಲ್ಲ ಮೇಡಂ. ನಾನು ಓದಿದವಳಲ್ಲ.”

ನನ್ನ ಓದು ನಿಲ್ಲಿಸಿದರೆಂದು ಇಪ್ಪತ್ತು ವರ್ಷ ಎಲ್ಲರ ಮುಂದೆ ಕೊರಗಿದ್ದೆ. ಓದದಿದ್ದುದು ನನಗೆ ಮೊದಲ ಸಲ ಉಪಯೋಗಕ್ಕೆ ಬಂತು.

ಕ್ಲರ್ಕು ಕವರನ್ನು ಬೆಳಕಿಗೆ ಹಿಡಿದು ಅಂಚನ್ನು ಉಗುರಿನಿಂದ ಕೆರೆದು ನೋಡಿದ. “ಕೈಗೆ ಕೊಟ್ಟಿದ್ದು ನಂದೇ ತಪ್ಪು ಮೇಡಂ,” ಎಂದನಷ್ಟೆ. ಅವನಿಗೆ ಮೆಮೊ ಸಿಕ್ಕಿತು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದ: “ನಮ್ಮ ಆಫೀಸಲ್ಲಿ ಗೋಂದಿನ ಬಾಟ್ಲಿ ಇದೆ ತಾಯಿ. ಅನ್ನ ಬೇಯ್ಸಲ್ಲ ನಾವು.”

ಹೊಸ ಕವರನ್ನು ಅರಗು ಹಾಕಿ ಮುಚ್ಚಿ, ತಾನೇ ಹೋಗಿ ಅಂಚೆಗೆ ಹಾಕಿದ. ಡಿಪ್ಲೊಮಾ ತಮ್ಮಲ್ಲಿ ನಡೆಯುತ್ತದೆ ಎಂದು ಅಲ್ಲಿಯವರು ಬರೆದರು. ಪತ್ರ ಬಂದಾಗ ಅವಳಿಗೆ ಮೂವತ್ತು ತುಂಬಿ ಮೂರು ವಾರವಾಗಿತ್ತು.

ಎರಡು ಸಾವಿರದ ಇಸವಿಯ ನಂತರ ಅವರು ಮಸ್ಕತ್ ಬಿಟ್ಟು ಬಂದು ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದರು. ಒಮ್ಮೆ ನಾನು ಹೋದಾಗ, ಒಂಬತ್ತನೇ ಕ್ಲಾಸಿನ ಮಗಳು ಅರ್ಧವಾರ್ಷಿಕದಲ್ಲಿ ಗಣಿತ ಫೇಲಾಗಿ, ಊಟ ಬಿಟ್ಟು ಮೂಲೆ ಹಿಡಿದಿದ್ದಳು. ತಂಗಿಯ ಬಾಯಿ ನಿಂತಿರಲಿಲ್ಲ. “ಆ ಕ್ಲರ್ಕು ನೆಟ್ಟಗೆ ಅಂಟಿಸಿದ್ರೆ ನೀನಿವತ್ತು ಆಸ್ಟ್ರೇಲಿಯಾದಲ್ಲಿ ಓದ್ತಿದ್ದೆ. ನಾನು ಜನ್ಮದಲ್ಲಿ ಒಂದು ಸಬ್ಜೆಕ್ಟಾದ್ರೂ ಫೇಲಾಗಿದ್ದೀನಾ? ಕೇಳು ದೊಡ್ಡಮ್ಮನ್ನ!”

ಹುಡುಗಿ ನನ್ನ ಮುಖ ನೋಡಿದಳು. ಕಣ್ಣು ಊದಿತ್ತು.

“ಆಗಿದ್ಲು ಪುಟ್ಟಿ,” ಎಂದೆ. “ಅನಾಟಮೀಲಿ. ಮೂವತ್ತೊಂದು.”

“ನಿಂಗ್ಯಾರೇ ಹೇಳಿದ್ದು?” ಎಂದಳು ತಂಗಿ.

ಇಡ್ಲಿ ಪಾತ್ರೆಯಿಂದ ಹಿಡಿದು ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕೇಳಿದಳು: “ಹಂಗಾದ್ರೆ ಆ ಮನುಷ್ಯ?”

“ರಿಟೈರಾಗಿದ್ದಾನೆ. ಮೆಮೊ ಇದ್ದಿದ್ದಕ್ಕೆ ಪ್ರಮೋಷನ್ ತಡವಾಯ್ತಂತೆ. ಕೋಟೆ ಹತ್ರ ಮನೆ.”

“ಮನೇನೂ ಗೊತ್ತಿದ್ದು ಒಂದಿನ ಹೋಗ್ಲಿಲ್ವಾ?”

“ಇಲ್ಲ.”

ಅವಳು ಸೀರೆ ಬದಲಿಸಿ ಬಂದು ಚಪ್ಪಲಿ ಮೆಟ್ಟಿದಳು. “ಏಳು.”

ಆಟೋದಲ್ಲಿ ಮುಖ ಹೊರಗೆ ತಿರುಗಿಸಿಕೊಂಡೇ ಕೂತಳು. ಕೋಟೆಯ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು: “ಫೇಲಾಗಿದ್ದು ಹೇಳ್ದೆ, ಸರಿ. ಮಗು ಎದುರಿಗೆ ಮಾರ್ಕ್ಸ್ ಯಾಕೆ ಹೇಳಕ್ ಹೋದೆ?”