ಕೆಳಗಿನ ಗುಂಡಿಯಿಂದ ಶುರು

ಬೆಳಿಗ್ಗೆ ಹತ್ತಕ್ಕೆ ಆ ವೃದ್ಧಾಶ್ರಮದ ಹಜಾರದಲ್ಲಿ ಮಣಿ ಪೋಣಿಸುವ ಕಾರ್ಯಕ್ರಮ. ಒಂದು ದಿನ ಮಣಿ, ಒಂದು ದಿನ ಚೆಂಡು ಎಸೆಯುವುದು, ಇನ್ನೊಂದು ದಿನ ಚಿತ್ರಕ್ಕೆ ಬಣ್ಣ ತುಂಬುವುದು. ವಾರದ ಪಟ್ಟಿ ಬಾಗಿಲ ಪಕ್ಕದ ಹಲಗೆಯ ಮೇಲಿತ್ತು. ವಯಸ್ಸಾದವರನ್ನು ಸುಮ್ಮನೆ ಗೋಡೆ ನೋಡುತ್ತ ಕೂರಿಸಬಾರದು ಎಂದು ಯಾರೋ ಪುಣ್ಯಾತ್ಮರು ಯೋಚಿಸಿ ಮಾಡಿದ ಪಟ್ಟಿ, ತಪ್ಪೇನಿಲ್ಲ. ಆದರೆ ಟೈಲರಮ್ಮನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ನಲವತ್ತೆರಡು ವರ್ಷ ಸೂಜಿಗೆ ದಾರ ಹಾಕಿದೀನಿ. ಈಗ ನಿಂಬೆಹಣ್ಣಿನ ಗಾತ್ರದ ಮಣಿ ಕೊಟ್ಟು ಪೋಣಿಸು ಅಂತಾರೆ. ನಾಳೆ ಬಾಯಿಗೆ ಹಾಲಿನ ಬಾಟಲಿ ಇಡ್ತಾರೆ ನೋಡ್ತಿರಿ" ಎಂದು ಅವಳು ಪಕ್ಕದ ಕುರ್ಚಿಯ ಡ್ರೈವರಜ್ಜನ ಹತ್ತಿರ ಗೊಣಗುತ್ತಿದ್ದಳು. ಮೂವತ್ತು ವರ್ಷ ಬಸ್ಸು ಓಡಿಸಿದ ಡ್ರೈವರಜ್ಜ ತನ್ನ ದಾರದ ತುದಿಯನ್ನೇ ಹುಡುಕುತ್ತ, "ಇಟ್ಟರೆ ಇಡಲಿ ಬಿಡಮ್ಮ, ಲೋಟ ತೊಳೆಯೋ ಕೆಲಸ ತಪ್ಪುತ್ತೆ" ಎನ್ನುತ್ತಿದ್ದ.

ಟೈಲರಮ್ಮನ ಅಂಗಡಿ ಒಂದು ಶಾಲೆಯ ಗೇಟಿಗೆ ಎದುರಾಗಿತ್ತು. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟು ಚಿಕ್ಕದು. ಹೊಲಿದದ್ದೆಲ್ಲ ಶಾಲೆಯ ಸಮವಸ್ತ್ರವೇ. ಶಾಲೆ ಶುರುವಾಗುವ ಮುಂಚಿನ ಹದಿನೈದು ದಿನ ಅವಳಿಗೆ ಊಟ ಯಾವುದು, ನಿದ್ದೆ ಯಾವುದು ತಿಳಿಯುತ್ತಿರಲಿಲ್ಲ. ಮಕ್ಕಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಟೇಪು ಹಿಡಿದರೆ ಕಚಗುಳಿಯಾಗಿ ಕಿಲಕಿಲ ನಗುತ್ತಿದ್ದವು. "ಇನ್ನೂ ಸ್ವಲ್ಪ ದೊಡ್ಡದಾಗಿ ಹೊಲೀರಿ, ಮೂರು ವರ್ಷ ಬರಬೇಕು" ಎನ್ನುವುದು ತಾಯಂದಿರ ರಾಗ. ಟೈಲರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಈ ವರ್ಷದ ಮೈಗೆ ಸರಿಯಾಗಿ ಹೊಲಿದು, ಮೂರು ಬೆರಳಿನಷ್ಟು ಬಟ್ಟೆಯನ್ನು ಒಳಗೆ ಮಡಚಿ ಬಿಡುತ್ತಿದ್ದಳು. ವರ್ಷಕ್ಕೊಮ್ಮೆ ಬಂದರೆ ಒಂದು ಮಡಿಕೆ ಬಿಚ್ಚಿ ಕೊಡುವಳು. ಬಿಚ್ಚಿದ ಕಡೆ ಬಟ್ಟೆ ಬಿಸಿಲು ಕಾಣದೆ ಹೊಸದಾಗಿಯೇ ಇರುತ್ತಿತ್ತು. ಲಂಗದ ಅಂಚಿನ ಆ ಕಡುನೀಲಿ ಗೆರೆಗಳನ್ನು ಎಣಿಸಿ ಮಗು ಯಾವ ತರಗತಿ ಎಂದು ಹೇಳಬಹುದಿತ್ತು. ಆ ಮಕ್ಕಳೇ ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಸ್ಟೂಲಿನ ಮೇಲೆ ಹತ್ತಿಸಿದರು.

ಅಂಗಡಿಯ ಹೊಲಿಗೆ ಯಂತ್ರ ತಂದುಕೊಟ್ಟವಳು ಅಕ್ಕ. ಏಳು ವರ್ಷ ದೊಡ್ಡವಳು, ಒಂದು ಕಚೇರಿಯಲ್ಲಿ ಟೈಪಿಸ್ಟ್. ಅವಳ ಬೆರಳು ಓಡುವುದನ್ನು ನೋಡಲೆಂದೇ ಜನ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರಂತೆ. ಇದು ಅಕ್ಕನೇ ಹೇಳಿದ್ದು, ಸ್ವಲ್ಪ ಕಡಿಮೆ ಮಾಡಿಕೊಂಡು ಕೇಳಬೇಕು. ಆದರೆ ಟೈಲರಮ್ಮನ ನೆನಪಿನಲ್ಲಿ ಆ ಬೆರಳುಗಳು ಟೈಪ್ ಮಷೀನಿಗಿಂತ ಮುಂಚಿನವು. ಅಮ್ಮ ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದಳು. ಪುಟ್ಟ ತಂಗಿಯನ್ನು ಶಾಲೆಗೆ ಅಣಿ ಮಾಡುವವಳು ಅಕ್ಕ. "ಮೇಲಿಂದ ಶುರು ಮಾಡಿದ್ರೆ ಕೊನೇಲಿ ಒಂದು ಗುಂಡಿ ಮಿಕ್ಕುತ್ತೆ ಕಣೇ. ಕೆಳಗಿಂದ ಶುರು ಮಾಡು, ಎರಡೂ ಅಂಚು ಕಣ್ಣಿಗೆ ಕಾಣುತ್ತೆ" ಎಂದು ಕಲಿಸಿದ್ದಳು. ಎಲ್ಲ ಗುಂಡಿ ತಂಗಿಯೇ ಹಾಕಿಕೊಳ್ಳಬೇಕು. ಕೊರಳಿನದು ಮಾತ್ರ ಅಕ್ಕನದು. "ಗಲ್ಲ ಎತ್ತು" ಎನ್ನುವಳು, ತಣ್ಣನೆಯ ಬೆರಳು ಕೊರಳಿಗೆ ತಾಗುವುದು, ಗುಂಡಿ ಕಾಜದೊಳಗೆ ಬೀಳುವುದು, ಬೆನ್ನಿಗೊಂದು ತಟ್ಟು. ಆಮೇಲೆ ಓಟ.

ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಟೈಲರಮ್ಮನಿಗೆ ಹತ್ತಿರದ್ದೆಲ್ಲ ಮಂಜು, ಮಂಡಿಯೂ ನೆಟ್ಟಗಿಲ್ಲ. ಅಕ್ಕನಿಗೆ ಮದುವೆಯಾಗಿರಲಿಲ್ಲ, ತಂಗಿಯ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬರನ್ನೊಬ್ಬರು ನೋಡಿಕೊಳ್ಳಲು ಹೋಗಿ ಇಬ್ಬರೂ ಬೀಳುವುದು ಬೇಡ ಎಂದು ತಾವೇ ಕೂತು ಮಾತಾಡಿ ಇಲ್ಲಿಗೆ ಬಂದಿದ್ದರು. ಹಾಕಿದ್ದು ಒಂದೇ ಷರತ್ತು: ಇಬ್ಬರಿಗೂ ಒಂದೇ ಕೋಣೆ.

ಕೋಣೆ ಸಿಕ್ಕಿತು, ನೆಲಮಹಡಿಯಲ್ಲಿ, ಕಿಟಕಿಯ ಪಕ್ಕ. ಆದರೆ ಆಶ್ರಮಕ್ಕೂ ಒಂದು ಕಟ್ಟಳೆಯಿತ್ತು. ತಾವೇ ಊಟ ಮಾಡಿ, ತಾವೇ ಬಟ್ಟೆ ಹಾಕಿಕೊಳ್ಳುವವರು ಕೆಳಗೆ; ಆಗದವರು ಮೇಲಿನ ಮಹಡಿಗೆ. ಮೇಲೆ ಸಹಾಯಕರು ಹೆಚ್ಚು, ಆರೈಕೆಯೂ ಚೆನ್ನ, ಸುಳ್ಳು ಹೇಳಬಾರದು. ಆದರೆ ಅಲ್ಲಿ ಎಲ್ಲರಿಗೂ ಬೆನ್ನ ಹಿಂದೆ ದಾರ ಕಟ್ಟುವ ಒಂದೇ ಬಗೆಯ ಅಂಗಿ. ಕೆಳಗಿನವರು ಮೇಲಿನವರನ್ನು ನೋಡಬೇಕಾದರೆ ಸಂಜೆ ನಾಲ್ಕರಿಂದ ಐದು.

ಅಕ್ಕನದು ಕಚೇರಿಯ ಕಾಲದ ಹಟ. ಕಾಲರಿರಬೇಕು, ಮುಂದೆ ಏಳು ಗುಂಡಿಯಿರಬೇಕು, ಏಳೂ ಹಾಕಿರಬೇಕು. ಹಾಗಾಗಿ ದಿನಾ ಬೆಳಿಗ್ಗೆ ಚಹಾದ ಗಾಡಿ ಬರುವ ಹತ್ತು ನಿಮಿಷ ಮೊದಲು ಟೈಲರಮ್ಮ ಬಾಗಿಲು ಮುಂದೆ ಮಾಡಿ ಅಕ್ಕನಿಗೆ ಗುಂಡಿ ಹಾಕುತ್ತಿದ್ದಳು. ಕಣ್ಣು ಬೇಕಿರಲಿಲ್ಲ, ಬೆರಳಿಗೇ ಗೊತ್ತಿತ್ತು. ಆ ಹತ್ತು ನಿಮಿಷದಲ್ಲಿ ಇಬ್ಬರೂ ಹಳೆಯ ಮನೆಯ ಹೊಸಿಲಲ್ಲಿ ಕೂತವರ ಹಾಗೆ ಮಾತಾಡುತ್ತಿದ್ದರು. ಒಂದೂವರೆ ವರ್ಷ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೊಂದು ಬೆಳಿಗ್ಗೆ ನರ್ಸಮ್ಮ ಮಾತ್ರೆ ಹಿಡಿದು ಬೇಗ ಬಂದುಬಿಟ್ಟಳು. ಟೈಲರಮ್ಮನ ಕೈ ನಾಲ್ಕನೆಯ ಗುಂಡಿಯ ಮೇಲಿತ್ತು.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದಳು ನರ್ಸಮ್ಮ. ಗದರಲಿಲ್ಲ, ಗದರಿದ್ದರೇ ಚೆನ್ನಾಗಿತ್ತು. "ಟೈಲರಮ್ಮಾ, ನಾಳೆ ನಿಮಗೇ ಜ್ವರ ಬಂತು ಅನ್ನಿ, ಇವರ ಗತಿ ಏನು? ಬರೋ ಸೋಮವಾರ ನಾನೇ ಕೂತು ನೋಡ್ತೀನಿ. ಅವರೇ ಹಾಕ್ಕೊಂಡ್ರೆ ಸರಿ. ಇಲ್ದಿದ್ರೆ ಮೇಲೆ ಒಂದು ಹಾಸಿಗೆ ಖಾಲಿ ಇದೆ."

ಆ ದಿನ ಟೈಲರಮ್ಮ ಚಹಾದ ಲೋಟ ಬದಿಗಿಟ್ಟು ಅಕ್ಕನ ಅಂಗಿಯನ್ನೇ ತಿರುಗಿಸಿ ನೋಡುತ್ತ ಕೂತಳು.

ಸಮವಸ್ತ್ರ ಹೊಲಿದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಮೈ ಬದಲಾದರೆ ಮೈಯನ್ನು ಬೈಯಬಾರದು, ಬಟ್ಟೆಯನ್ನು ಬದಲಾಯಿಸಬೇಕು. ಒಂದು ಕೈಯಿಂದ ಗುಂಡಿ ಹಾಕಲಾಗದು. ಸರಿ, ಗುಂಡಿ ಕಾಣಲಿಕ್ಕೆ ಮಾತ್ರ ಇರಲಿ. ಕಾಜಗಳನ್ನು ಹೊಲಿದು ಮುಚ್ಚಿ, ಅದರ ಮೇಲೆ ಗುಂಡಿ ಕೂರಿಸಿ, ಒಳಗಡೆ ಮಕ್ಕಳ ಶೂಗಳಲ್ಲಿರುತ್ತದಲ್ಲ, ಒತ್ತಿದರೆ ಅಂಟಿಕೊಳ್ಳುವ ಆ ಪಟ್ಟಿ ಹೊಲಿದರೆ? ಎಡಗೈಯಿಂದ ಒತ್ತಿದರೆ ಸಾಕು.

ಪಟ್ಟಿ ಎಲ್ಲಿಂದ ತರುವುದು? ಮಾರನೆಯ ದಿನ ನರ್ಸಮ್ಮ ರಕ್ತದೊತ್ತಡ ನೋಡಲು ಅವಳ ತೋಳಿಗೆ ಬೂದು ಬಣ್ಣದ ಪಟ್ಟಿ ಸುತ್ತಿ ಅಂಟಿಸಿದಾಗ ಟೈಲರಮ್ಮನಿಗೆ ಮಿಂಚು ಹೊಳೆದ ಹಾಗಾಯಿತು. "ನರ್ಸಮ್ಮ, ಗಾಳಿ ಸೋರೋ ಹಳೇದು ಒಂದಿತ್ತಲ್ಲ, ಅದನ್ನ ಏನು ಮಾಡಿದ್ರಿ?"

"ಕಸಕ್ಕೆ ಹಾಕಬೇಕು. ಯಾಕೆ?"

"ಮಂಡಿಗೆ ಸುತ್ಕೊಳ್ಳೋಣ ಅಂತ" ಎಂದಳು ಟೈಲರಮ್ಮ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ.

ಸೂಜಿ ಅವಳ ಬಳಿ ಇತ್ತು. ಹರಿತದ್ದೇನೂ ಇರಕೂಡದೆಂದು ಬಂದ ದಿನವೇ ಅವಳ ದೊಡ್ಡ ಕತ್ತರಿಯನ್ನು ಆಫೀಸಿನ ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು. ಆದರೆ ಟೈಲರುಗಳ ಕಾಲರಿನ ಅಡಿಯಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತದೆಂದು ಆಫೀಸಿನವರಿಗೆ ಯಾರು ಹೇಳಬೇಕು? ಕತ್ತರಿಗಾಗಿ ಟೈಲರಮ್ಮ ಆ ವಾರ ಮಣಿ ಪೋಣಿಸಲು ಹೋದಳು. ಚಟುವಟಿಕೆಯ ಟೀಚರಮ್ಮನಿಗೆ ಆಶ್ಚರ್ಯವೂ ಆಯಿತು, ಖುಷಿಯೂ ಆಯಿತು. ಕಾಗದ ಕತ್ತರಿಸುವ ಮೊಂಡು ಕತ್ತರಿ ಟೈಲರಮ್ಮನ ಮಡಿಲಿಗೆ ಜಾರಿದ್ದು ಡ್ರೈವರಜ್ಜನಿಗೆ ಕಂಡಿತು. ಅವನು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕಿಟಕಿಯಾಚೆ ನೋಡಿದ. ಅಕ್ಕನೂ ಬಂದು ಎಡಗೈಯಿಂದ ಮಣಿ ಪೋಣಿಸಿದಳು. ಟೀಚರಮ್ಮನಿಗೆ ಅದು ಆಟ, ಅಕ್ಕನಿಗೆ ತಾಲೀಮು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಹೊಲಿಗೆ. ಸೂಜಿಯ ಕಣ್ಣು ಟೈಲರಮ್ಮನಿಗೆ ಕಾಣದು. ಅವಳು ಸೂಜಿ ಹಿಡಿದರೆ ಅಕ್ಕ ಎಡಗೈಯಲ್ಲಿ ದಾರ ತಂದು ತೂರಿಸುವಳು. ಒಂದು ಸೂಜಿಗೆ ದಾರ ಹಾಕಲು ಇಬ್ಬರು ಮುದುಕಿಯರು ಹಣೆಗೆ ಹಣೆ ಹಚ್ಚಿ ಕೂರಬೇಕಾಗಿತ್ತು. ನಗು ಬಂದು ದಾರ ತಪ್ಪುತ್ತಿತ್ತು.

"ಇದು ಪರೀಕ್ಷೇಲಿ ಕಾಪಿ ಹೊಡೆದ ಹಾಗಲ್ವೇನೇ?" ಎಂದಳು ಅಕ್ಕ.

"ಬಟ್ಟೆ ಹಾಕ್ಕೊಳ್ಳಿ ಅಂದಿದಾರೆ, ಹಾಕ್ಕೋತೀಯ. ಅದರಲ್ಲಿ ಕಾಪಿ ಏನು ಬಂತು?"

ಅಂಗಿ ಅಕ್ಕನಿಗೆ ದೊಗಳೆಯಾಗಿತ್ತು, ಮೈ ಅಷ್ಟು ಇಳಿದಿತ್ತು. ಟೈಲರಮ್ಮ ಎರಡೂ ಪಕ್ಕ ಹಿಡಿದು ಹೊಲಿದಳು, ಆದರೆ ಮಿಕ್ಕ ಬಟ್ಟೆಯನ್ನು ಕತ್ತರಿಸಲಿಲ್ಲ. ಅಕ್ಕ ಒಳಗೆ ಬೆರಳಾಡಿಸಿ ನೋಡಿದಳು. "ಮೂರು ಬೆರಳು ಬಿಟ್ಟಿದ್ದೀಯಲ್ಲೇ! ಎಂಬತ್ತೊಂದಕ್ಕೆ ನಾನು ಇನ್ನೂ ಬೆಳೀತೀನಾ?"

"ಮೈ ಬಂದರೆ ಬಿಚ್ಚಿಕೊಡ್ತೀನಿ. ಸುಮ್ನೆ ಕೂತ್ಕೋ" ಎಂದಳು ಟೈಲರಮ್ಮ. ಅವಳ ಕಣ್ಣು ತುಂಬಿತ್ತು. ಮಂಜುಗಣ್ಣಿನವಳಿಗೆ ಅದನ್ನು ಮುಚ್ಚಿಡುವುದು ಸುಲಭ.

ಸೋಮವಾರ ನರ್ಸಮ್ಮ ಕಾಗದ, ಪೆನ್ನು ಹಿಡಿದು ಕುರ್ಚಿ ಎಳೆದುಕೊಂಡು ಕೂತಳು. ಟೈಲರಮ್ಮ ಎದುರಿನ ಮಂಚದಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು. ಇಲ್ಲದಿದ್ದರೆ ಅವು ತಾವಾಗಿಯೇ ಎದ್ದು ಹೋಗುತ್ತಿದ್ದವು. ಒಳಂಗಿಯಲ್ಲಿ ಕೂತಿದ್ದ ಅಕ್ಕ ಮೊದಲು ಬಿದ್ದ ಕೈಯನ್ನು ತೋಳಿಗೆ ತೂರಿಸಿದಳು, ಆಮೇಲೆ ಸರಿಯಿದ್ದ ಕೈಯನ್ನು. ಅಂಚುಗಳನ್ನು ಕೂಡಿಸಿದಳು. ಕೆಳಗಿನ ಗುಂಡಿಯಿಂದ ಶುರು ಮಾಡಿ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತುತ್ತ ಕೊರಳಿನವರೆಗೆ ಬಂದಳು. ಎರಡು ನಿಮಿಷವೂ ಆಗಿರಲಿಲ್ಲ.

"ಅಬ್ಬಾ!" ಎಂದಳು ನರ್ಸಮ್ಮ. "ಬಹಳ ಚೆನ್ನಾಗಾಯ್ತು. ಈಗ ಬಿಚ್ಚಿ ತೋರಿಸಿ."

ಬಿಚ್ಚುವ ಪರೀಕ್ಷೆಯೂ ಇರುತ್ತದೆ ಎಂದು ಇಬ್ಬರಿಗೂ ಹೊಳೆದೇ ಇರಲಿಲ್ಲ. ಅಕ್ಕ ತಂಗಿಯ ಮುಖ ನೋಡಿದಳು. ಬೇರೆ ದಾರಿಯಿರಲಿಲ್ಲ. ಕೊರಳಿನ ಹತ್ತಿರ ಹಿಡಿದು ಎಳೆದಳು.

ಚರ್ರ್!

ದಿನಕ್ಕೆ ಐವತ್ತು ಸಲ ಆ ಸದ್ದು ಕೇಳುವ ಕಿವಿ ನರ್ಸಮ್ಮನದು. ಎದ್ದು ಬಂದು ಅಂಗಿಯ ಅಂಚು ತಿರುಗಿಸಿ ನೋಡಿದಳು. ಬೂದು ಪಟ್ಟಿ, ಅದರ ಮೇಲೆ ಅರ್ಧ ಕತ್ತರಿಸಿದ ಬಾಣದ ಗುರುತು. "ಇದು ನನ್ನ ಬಿಪಿ ಪಟ್ಟಿ! ಮಂಡಿಗೆ ಅಂದಿದ್ರಿ!"

ಮೇಲಿನ ಮಹಡಿಯ ಖಾಲಿ ಹಾಸಿಗೆ, ಬೆನ್ನ ಹಿಂದಿನ ದಾರ, ನಾಲ್ಕರಿಂದ ಐದು, ಎಲ್ಲ ಟೈಲರಮ್ಮನ ಕಣ್ಣ ಮುಂದೆ ಬಂತು.

ಅಕ್ಕ ಮಾತ್ರ ಎಡಗೈ ಚಾಚಿದಳು. "ಆ ಕಾಗದ ಇಲ್ಲಿ ಕೊಡಮ್ಮ." ಆಯುಷ್ಯವೆಲ್ಲ ಇಂಥ ಕಾಗದಗಳನ್ನೇ ಟೈಪು ಮಾಡಿದವಳು ಅದನ್ನು ಮೇಲಿನಿಂದ ಕೆಳಗೆ ಓದಿದಳು. "ತಾವೇ ಬಟ್ಟೆ ಧರಿಸುತ್ತಾರೆಯೇ, ಹೌದು, ಇಲ್ಲ. ಇಷ್ಟೇ ಇದೆ. ಗುಂಡಿ ಅಂತ ಎಲ್ಲಿದೆ, ತೋರಿಸು ನೋಡೋಣ."

ನರ್ಸಮ್ಮ ಕಾಗದ ನೋಡಿದಳು, ಅಂಗಿ ನೋಡಿದಳು. ಮಂಚದ ತುದಿಯಲ್ಲಿ ಕೂತಳು. ನಗುತ್ತಾಳೆಂದು ಟೈಲರಮ್ಮ ಕಾದಳು, ಅವಳು ನಗಲಿಲ್ಲ. "ಮೇಲೆ ಹನ್ನೊಂದು ಜನ ಇದಾರೆ" ಎಂದಳು ಮೆಲ್ಲಗೆ. "ಅದರಲ್ಲಿ ನಾಲ್ಕು ಜನ ಬರೀ ಬಟ್ಟೆ ಹಾಕ್ಕೊಳ್ಳಕ್ಕೆ ಆಗದೆ ಹೋದವರು. ಕಳಿಸಿದ್ದು ನಾನೇ." ಆಮೇಲೆ 'ಹೌದು' ಎಂಬಲ್ಲಿ ಗುರುತು ಹಾಕಿ ಎದ್ದು ಹೋದಳು.

ಅದೇ ವಾರ ಆಫೀಸಿನ ಬೀರುವಿನಿಂದ ದೊಡ್ಡ ಕತ್ತರಿ ಹೊರಗೆ ಬಂತು. ಹಜಾರದ ಕಿಟಕಿಯ ಬಳಿ ಒಂದು ಮೇಜು ಹಾಕಿದರು, ಹಲಗೆಯ ಪಟ್ಟಿಯಲ್ಲಿ ಶುಕ್ರವಾರದ ಎದುರು 'ಹೊಲಿಗೆ' ಎಂದು ಬರೆದರು. ಮೊದಲು ಬಂದದ್ದು ಮೇಲಿನ ಮಹಡಿಯ ಒಬ್ಬ ಅಜ್ಜನ ಮೂರು ಶರ್ಟು. ಡ್ರೈವರಜ್ಜ ತನ್ನದನ್ನೂ ತಂದು, "ನನಗೆ ಗುಂಡಿ ಹಾಕೋಕೆ ಬರುತ್ತಪ್ಪ, ಆದರೆ ಆ ಚರ್ರ್ ಅನ್ನೋದು ಇಷ್ಟ ಆಯ್ತು" ಎಂದ. ಟೇಪು ಹಿಡಿದಾಗ ಅವನೂ ಕಚಗುಳಿಯಾಗಿ ನಕ್ಕ. ಟೈಲರಮ್ಮ ಅವನನ್ನು ಗದರಿದಳು, ಥೇಟ್ ಅಂಗಡಿಯಲ್ಲಿ ಮಕ್ಕಳನ್ನು ಗದರಿದ ಹಾಗೆ.

ಎಲ್ಲ ಸರಿಹೋಗಿತ್ತು. ಆದರೆ ಬೆಳಿಗ್ಗೆ ಚಹಾದ ಗಾಡಿ ಬರುವ ಹತ್ತು ನಿಮಿಷ ಮೊದಲು ಟೈಲರಮ್ಮನಿಗೆ ಎಂದಿನಂತೆ ಎಚ್ಚರವಾಗುತ್ತಿತ್ತು. ಎದುರಿನ ಮಂಚದಲ್ಲಿ ಅಕ್ಕ ತನ್ನ ಪಾಡಿಗೆ ಅಂಗಿ ಹಾಕಿಕೊಂಡು, ಒತ್ತಿ ಮುಗಿಸಿ, ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ಮಾಡಲು ಏನೂ ಇಲ್ಲದ ಕೈಗಳನ್ನು ಟೈಲರಮ್ಮ ಹೊದಿಕೆಯ ಒಳಗೆ ಇಟ್ಟುಕೊಳ್ಳುತ್ತಿದ್ದಳು. ಗೆದ್ದದ್ದು ತಾನೇ, ಕಳೆದುಕೊಂಡದ್ದೂ ತಾನೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಹೇಳಿಕೊಳ್ಳಬೇಕಾಗಿ ಬರಲಿಲ್ಲ. ಮುಂದಿನ ಶುಕ್ರವಾರ ಅಕ್ಕ ತನ್ನ ಅಂಗಿಯನ್ನು ಮಡಚಿ ತಂದು ಎಲ್ಲರಂತೆ ಸಾಲಿನಲ್ಲಿ ನಿಂತಳು. ಮೇಜಿನ ಮೇಲಿಟ್ಟು, "ಕೊರಳಿಂದು ತೆಗೆದು ನಿಜವಾದ ಗುಂಡಿ ಹಾಕು. ಕಾಜನೂ ಮಾಡು" ಎಂದಳು.

"ಅದನ್ನ ಹಾಕ್ಕೊಳ್ಳಕ್ಕೆ ನಿನ್ನ ಕೈಲಿ ಆಗಲ್ಲ ಅಕ್ಕ."

"ಗೊತ್ತು. ಅದಕ್ಕೇ ಹೇಳಿದ್ದು."

ಮಾರನೆಯ ಬೆಳಿಗ್ಗೆ ಅಕ್ಕ ಕೆಳಗಿನಿಂದ ಶುರು ಮಾಡಿ ಆರನ್ನು ತಾನೇ ಒತ್ತಿಕೊಂಡು, ಎದ್ದು ಬಂದು ತಂಗಿಯ ಮಂಚದ ಅಂಚಿಗೆ ಕೂತಳು. ಟೈಲರಮ್ಮ ಹೊದಿಕೆ ಸರಿಸಿ ಎದ್ದಳು, ಬೆರಳುಗಳನ್ನು ಒಂದಿಷ್ಟು ಉಜ್ಜಿ ಬಿಸಿ ಮಾಡಿಕೊಂಡಳು.

"ಗಲ್ಲ ಎತ್ತು" ಎಂದಳು.